ಸಮಸ್ಯಾಪೂರಣ: ಬಾಲ ಕಚ್ಚಿದವನ ಗೆಲುವು

ಪೃಚ್ಛಕ: ಈ ವಾರದ ಸಮಸ್ಯೆ, ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ. ಕೊನೆಯ ಸಾಲು ನನ್ನದು, ಮೊದಲ ಐದನ್ನು ನೀವು ತುಂಬಿ:

"ತನ್ನ ಬಾಲವ ಕಚ್ಚಿ ಹಿಡಿದವ ಹಗೆಯ ಗೆಲ್ಲುವನು"

ಹಾವನ್ನು ತರಬೇಡಿ. ಅದು ಹಳಸಿದ ದಾರಿ.

ಬಂಡೆಕವಿ: ಹಾವಲ್ಲ, ದಕ್ಷಿಣ ಆಫ್ರಿಕಾದ ಪಶ್ಚಿಮ ಭಾಗದ ಆರ್ಮಡಿಲೊ ಹಲ್ಲಿ.

ಬೆನ್ನ ಮುಳ್ಳಿನ ಕವಚ ತೊಟ್ಟವ
ಹೊನ್ನ ಬಣ್ಣದ ಹೊಟ್ಟೆಯುಳ್ಳವ
ಕನ್ನ ಕೊರೆದಂತಿರುವ ಬಂಡೆಯ ಬಿರುಕ ಮನೆಯವನು
ಮುನ್ನ ಹದ್ದಿನ ನೆರಳು ಬಿದ್ದರೆ
ಬನ್ನ ಬಾರದ ಹಾಗೆ ಹೊಟ್ಟೆಗೆ
ತನ್ನ ಬಾಲವ ಕಚ್ಚಿ ಹಿಡಿದವ ಹಗೆಯ ಗೆಲ್ಲುವನು

ಕಂದಪ್ರಿಯ: ಚೆನ್ನಾಗಿದೆ.

ಗಣಪಾಠಿ: 'ಮುನ್ನ' ಸುಮ್ನೆ ಪ್ರಾಸಕ್ಕೆ ತುರುಕಿದ್ದು. ನೆರಳು ಬೀಳುವ ಮುನ್ನವೋ, ಬಿದ್ದ ಮೇಲೋ?

ಬಂಡೆಕವಿ: ಮುನ್ನ ಅಂದರೆ ಎದುರಿಗೆ. ಹೋದ ಸಲವೂ ನಿಮ್ಮ ತಕರಾರು ಪ್ರಾಸದ ಮೇಲೇ. ನಿಮ್ಮ ಪೂರಣ ಎಲ್ಲಿ?

ಗಣಪಾಠಿ: ತಗೊಳ್ಳಿ. ಅಪಾಯ ಕಂಡರೆ ಆ ಹಲ್ಲಿ ಮೊದಲು ಬಿರುಕಿಗೇ ಓಡುತ್ತದೆ. ಹೊರಗೆ ಸಿಕ್ಕಿಬಿದ್ದರೆ ಮಾತ್ರ ಬಾಲ ಕಚ್ಚಿ ಉಂಡೆಯಾಗುವುದು. ಅದಕ್ಕೇ ನಾನು 'ಬಯಲಲಿ' ಎಂದಿದ್ದೇನೆ.

ಅನ್ನಕಲೆಯುತ ಗೆದ್ದಲರಸುತ
ಎನ್ನ ಬಳಗವೆ ಕೋಟೆಯೆನ್ನುತ
ಚಿನ್ನಮರಿಯನೆ ಹೆರುವಳೊಂದನು ಮೊಟ್ಟೆಯಿಡದವಳು
ಸನ್ನೆ ಸಿಕ್ಕರೆ ಸಾಕು ಹದ್ದಿನ
ಬೆನ್ನ ಬಿಲ್ಲಾಗಿಸುತ ಬಯಲಲಿ
ತನ್ನ ಬಾಲವ ಕಚ್ಚಿ ಹಿಡಿದವ ಹಗೆಯ ಗೆಲ್ಲುವನು

ಬಂಡೆಕವಿ: ಮೂರನೇ ಸಾಲಿನಲ್ಲಿ 'ಹೆರುವಳು', ಆರರಲ್ಲಿ 'ಹಿಡಿದವ'! ಹೆತ್ತವಳು ಯಾವಾಗ ಗಂಡಾದಳು?

ಗಣಪಾಠಿ: ಹಿಂದಿನದು ತಾಯಿಯ ಮಾತು. ಮುಂದಿನದು ಇಡೀ ಕುಲದ್ದು.

ಬಂಡೆಕವಿ: ಅದನ್ನು ಪದ್ಯ ಹೇಳಬೇಕು, ನೀವಲ್ಲ.

ಕಂದಪ್ರಿಯ: ನಾಲ್ಕನೇ ಸಾಲು 'ಚೆನ್ನೆಯವಳಿಗೆ ತಕ್ಕ ಗಂಡನು' ಅಂತ ಮಾಡಿದರೆ?

ಗಣಪಾಠಿ: ಹದ್ದೇ ಹೋಯ್ತಲ್ಲ! ಹಗೆ ಯಾರು ಮತ್ತೆ? ಬದಲಿಸಲ್ಲ.

ಹೊಸಬ: ಮೊಟ್ಟೆ ಇಡದ ಹಲ್ಲಿಯೂ ಇದೆಯಾ?

ಗಣಪಾಠಿ: ಇದೆ. ಇದು ಮರಿಯನ್ನೇ ಹಾಕುತ್ತದೆ. ಸಾಮಾನ್ಯವಾಗಿ ಒಂದೇ, ಅಪರೂಪಕ್ಕೆ ಎರಡು. ಅದಕ್ಕೇ ಸಾಕಲು ಅಂತ ಹಿಡಿದು ಮಾರುವವರ ಕಾಟ ಇದಕ್ಕೆ ಜಾಸ್ತಿ ತಟ್ಟುತ್ತದೆ. ಒಂದು ಬಿರುಕು ಖಾಲಿ ಮಾಡಿದರೆ ಇಡೀ ಸಂಸಾರವೇ ಹೋಯಿತು. ಕೆಲವು ಗುಂಪುಗಳಲ್ಲಿ 30ಕ್ಕೂ ಹೆಚ್ಚು ಇರುತ್ತವೆ. ಹಾಗೆ ಹಿಡಿಯುವುದು ಅಲ್ಲಿ ಕಾನೂನಿಗೆ ವಿರುದ್ಧ.

ಪೃಚ್ಛಕ: 1828ರಲ್ಲೇ ವಿಜ್ಞಾನಕ್ಕೆ ಗೊತ್ತಾದ ಪ್ರಾಣಿ. 2011ರಲ್ಲಿ ಅದಕ್ಕೇ ಬೇರೆ ಕುಲ ಕೊಟ್ಟರು, ಔರೊಬೊರಸ್ ಅಂತ, ತನ್ನ ಬಾಲವನ್ನೇ ಕಚ್ಚಿದ ಪುರಾಣದ ಹಾವಿನ ಹೆಸರು. ಮೊದಲ ಪೂರಣಕ್ಕೆ ನನ್ನ ಮತ.

ಗಣಪಾಠಿ: 'ಮುನ್ನ' ಇದ್ದರೂನಾ?

ಬಂಡೆಕವಿ: ಇದ್ದರೂ. ಮುಂದಿನ ಸಮಸ್ಯೆ ಕಂದಪದ್ಯದಲ್ಲಿ, ಕೊಡುವವನು ನಾನು.