ತಾತನ ಜಾವಾಕ್ಕೆ ಪೇಂಟು ಬೇಕಾ, ಬೇಡ್ವಾ

ಭಾನುವಾರ ಬೆಳಿಗ್ಗೆ ತಾತನ ಹಳೇ ಜಾವಾ ಬೈಕಿನ ಬಗ್ಗೆ ನಮ್ಮ ‘ಮನೆಮಂದಿ’ ಗುಂಪಲ್ಲಿ ನಡೆದದ್ದು. ಹೆಸರು ಬದಲಾಯಿಸಿದ್ದೀನಿ, ಜಗಳ ಇದ್ದ ಹಾಗೇ ಇದೆ.

ಸತೀಶ ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ!! ಹಳೇ ಗಾಡಿ ಇರುವವರು ತಪ್ಪದೇ ಓದಿ. ಹೊಸ ಕಾನೂನಿನ ಪ್ರಕಾರ 50 ವರ್ಷದ ಗಾಡಿಗೆ ಮತ್ತೆ ಪೇಂಟ್ ಮಾಡಿಸಿದರೆ ನೋಂದಣಿ ರದ್ದು!! ಮೂಲ ಬಣ್ಣದ ಗಾಡಿಗೆ ವಿದೇಶದಲ್ಲಿ ಕೋಟಿ ಬೆಲೆ. ಕೊಬ್ಬರಿ ಎಣ್ಣೆ ಹಚ್ಚಿ 3 ದಿನ ಬಿಸಿಲಿಗಿಟ್ಟರೆ ಹಳೇ ಹೊಳಪು ವಾಪಸ್. 10 ಜನರಿಗೆ ಕಳಿಸಿ 🙏

ಸತೀಶ ಚಿಕ್ಕಪ್ಪ: ವಿನಯ, ನೋಡಪ್ಪ.

ವಿನಯ: ಪೇಂಟಿಗೆ ಕೊಡ್ತಿದ್ದೀನಿ ಅಂತ ಯಾರು ಹೇಳಿದ್ರು ಚಿಕ್ಕಪ್ಪ?

ಸತೀಶ ಚಿಕ್ಕಪ್ಪ: ನಿಮ್ಮಮ್ಮ.

ಸುಧಾ: ನಾನು ಸರ್ವೀಸ್ ಅಂದೆ. ಪೇಂಟ್ ಅನ್ನೋ ಮಾತೇ ನನ್ನ ಬಾಯಲ್ಲಿ ಬಂದಿಲ್ಲ.

ರಘು: ಯಾವ ಕಾನೂನು? ಲಿಂಕ್ ಹಾಕಿ.

ಸತೀಶ ಚಿಕ್ಕಪ್ಪ: ನೀನೊಬ್ಬ. ಪಂಚಾಂಗಕ್ಕೂ ಲಿಂಕ್ ಕೇಳೋನು.

ರಘು: 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಆಗಿದ್ದು ನಿಜ. 50 ವರ್ಷ ದಾಟಿದ ಗಾಡಿನ ವಿಂಟೇಜ್ ಅಂತ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ನಂಬರಲ್ಲಿ ‘ವಿಎ’ ಅಂತ ಬರುತ್ತೆ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡು ಮಾಡಿರಬಾರದು. ಬಣ್ಣ ಹೊಡೆಸಿದ್ರೆ ರದ್ದು ಅಂತ ಎಲ್ಲಿದೆ?

ಸತೀಶ ಚಿಕ್ಕಪ್ಪ: 50 ವರ್ಷ ಅನ್ನೋದು ಸರಿ ತಾನೆ? ನಾನು ಹೇಳಿದ್ದೂ ಅದೇ.

ಶಾರದಾ ದೊಡ್ಡಮ್ಮ: ದೊಡ್ಡೋರ ವಸ್ತುನ ಅವರು ಬಿಟ್ಟ ಹಾಗೇ ಇಟ್ಕೋಬೇಕು. ಅಪ್ಪ ಭಾನುವಾರ ಗಾಡಿ ಒರೆಸದೆ ತಿಂಡಿಗೆ ಕೂರ್ತಿರ್ಲಿಲ್ಲ. ಈಗಿನೋರಿಗೆ ಎಲ್ಲಾ ಹೊಸದು ಬೇಕು.

ರಘು: ಅಜ್ಜಿಯ ತಾಮ್ರದ ಹಂಡೆ ಹಾಕಿ ಸ್ಟೀಲ್ ಡಬ್ಬ ತಗೊಂಡಿದ್ದು ಯಾರು ದೊಡ್ಡಮ್ಮ?

ಶಾರದಾ ದೊಡ್ಡಮ್ಮ: ಅದು ತೂತಾಗಿತ್ತು.

ಪ್ರತಿಭಾ: ಅಯ್ಯೋ ಜಾವಾ!! ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದ್ರೆ ಗೇರ್ ಆಗ್ತಿತ್ತಲ್ಲ, ನೆನಪಿದ್ಯಾ? ನಾನು ಟ್ಯಾಂಕ್ ಮೇಲೆ, ಹಿಂದೆ ಅಜ್ಜಿ, ಅಜ್ಜಿ ತೊಡೆ ಮೇಲೆ ರಘು. ಮೈಸೂರಿನ ಯಾದವಗಿರಿ ಜಾವಾ ಫ್ಯಾಕ್ಟರಿ ಮುಂದೆ ಹೋಗುವಾಗ ತಾತ ತಪ್ಪದೆ ಹಾರ್ನ್ ಹೊಡೀತಿದ್ರು, ‘ಇದರ ತೌರುಮನೆ ಕಣೇ’ ಅಂತ.

ಸತೀಶ ಚಿಕ್ಕಪ್ಪ: ತೌರುಮನೆ 1996ರಲ್ಲಿ ಬಾಗಿಲು ಹಾಕ್ತು. ಆಮೇಲೆ ಒಂದೊಂದು ಸ್ಪೇರಿಗೂ ಊರೂರು ಅಲೆದೋನು ನಾನು. ಕೊನೆಗೆ ನಾನು ತಿರುಪತಿಗೆ ಹೋದಾಗ ಟೆಂಪೋ ತಂದು ಎತ್ಕೊಂಡು ಹೋದೋರು ಯಾರು ಅಂತ ಎಲ್ಲರಿಗೂ ಗೊತ್ತು.

ಸುಧಾ: ಹೇಳಿಯೇ ತಂದಿದ್ದು. ನಿಮ್ಮ ಶೆಡ್ಡಲ್ಲಿ ಅದರ ಮೇಲೆ ಸಿಮೆಂಟ್ ಮೂಟೆ ಇತ್ತು.

ಸತೀಶ ಚಿಕ್ಕಪ್ಪ: ನನ್ನ ಕೈಲಿದ್ದಷ್ಟು ದಿನ ಒಂದು ಗೀರೂ ಬಿದ್ದಿರ್ಲಿಲ್ಲ.

(ಇಲ್ಲಿಗೆ ಬಣ್ಣದ ವಿಷಯ ಮುಗಿದಿತ್ತು. ಪಾಪ ವಿನಯನಿಗೆ ಅದು ತಿಳೀಲಿಲ್ಲ.)

ವಿನಯ: ಪೂರ್ತಿ ಗಾಡಿಗೆ ಹೊಡೆಸ್ತಿಲ್ಲ. ಮುಂದಿನ ಮಡ್‌ಗಾರ್ಡಲ್ಲಿ ಅಂಗೈಯಗಲ ತುಕ್ಕು ಹಿಡಿದಿದೆ, ಅಷ್ಟು ಮಾತ್ರ. ತುಕ್ಕು ಇರೋವರೆಗೆ ಕೆರೆದು, ಬಣ್ಣದ ಅಡಿಗೆ ಪ್ರೈಮರ್ ಪದರ ಕೊಟ್ಟು, ಬಣ್ಣ ತುಂಬಿಸೋದು. ತಲೆನೋವು ಇರೋದು ಮ್ಯಾಚಿಂಗಲ್ಲಿ. ಸೀಟ್ ಬಿಚ್ಚಿದ್ರೆ ಅಡಿಯಲ್ಲಿ ಬಿಸಿಲೇ ಕಾಣದ ಬಣ್ಣ ಇದೆ, ಕಡು ಮರೂನ್. ಮೇಲಿನದು ಇಟ್ಟಿಗೆ ಥರ ಮಾಸಿದೆ. ಪೇಂಟ್ ಅಂಗಡಿಯವರು ‘ಯಾವುದಕ್ಕೆ ಮ್ಯಾಚ್ ಮಾಡ್ಲಿ ಸಾರ್’ ಅಂತಾರೆ. ಒಳಗಿನ ಬಣ್ಣಕ್ಕೆ ಮಾಡಿದ್ರೆ ತೇಪೆ ಎದ್ದು ಕಾಣುತ್ತೆ. ಪಕ್ಕದ ಮಾಸಿದ ಬಣ್ಣಕ್ಕೆ ಮಾಡಿ, ಹೊಳಪನ್ನೂ ತಗ್ಗಿಸಬೇಕು.

ನವೀನ: ಮ್ಯಾಟ್ ಬ್ಲ್ಯಾಕ್ ಮಾಡ್ಸೋ, ಸಖತ್ತಾಗಿರುತ್ತೆ.

ರಘು: ಬಣ್ಣ ಬದಲಾದ್ರೆ ಆರ್‌ಸಿಯಲ್ಲೂ ಬದಲಾಯಿಸಬೇಕು.

ಶಾರದಾ ದೊಡ್ಡಮ್ಮ: ಕಪ್ಪು ಬೇಡಪ್ಪ. ಮನೆ ಗಾಡಿ.

ಸತೀಶ ಚಿಕ್ಕಪ್ಪ: ಇಷ್ಟೆಲ್ಲಾ ಯಾಕೆ? ಕೊಬ್ಬರಿ ಎಣ್ಣೆ ಹಚ್ಚು.

ವಿನಯ: ಮಾಸಿದ್ದೇ ಬಿಸಿಲಿಗೆ ಚಿಕ್ಕಪ್ಪ, ಮತ್ತೆ ಬಿಸಿಲಿಗಿಡಿ ಅಂದ್ರೆ? ಎಣ್ಣೆ ಎರಡು ದಿನ ಮಿಂಚುತ್ತೆ, ಆಮೇಲೆ ಧೂಳು ಕೂತ್ಕೊಳ್ಳುತ್ತೆ. ಈಗಿನ ಕಾರಿನ ಹಾಗೆ ಇದಕ್ಕೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇಲ್ಲ. ಪಾಲಿಶ್ ಹಾಕಿ ಉಜ್ಜಿದ್ರೆ ಬಟ್ಟೆಗೇ ಕೆಂಪು ಬರುತ್ತೆ. ಆ ಕೆಂಪು ಅಂದ್ರೆ ಬಣ್ಣಾನೇ. ಜಾಸ್ತಿ ಉಜ್ಜಿದ್ರೆ ಅಂಚಲ್ಲಿ ಪ್ರೈಮರ್ ಕಾಣುತ್ತೆ, ಅಲಂಕಾರಕ್ಕೆ ಎಳೆದಿರೋ ತೆಳು ಗೀಟುಗಳೂ ಅಳಿಸಿ ಹೋಗ್ತವೆ. ಹಗುರವಾಗಿ ಒಂದು ಸಲ ಉಜ್ಜಿ ವ್ಯಾಕ್ಸ್ ಹಾಕಿ ಬಿಡಬೇಕು.

ಸತೀಶ ಚಿಕ್ಕಪ್ಪ: ನಾನು ಹಚ್ತಿದ್ದೆ. ಫಳಫಳ ಅಂತಿತ್ತು.

ವಿನಯ: ಓ. ಟ್ಯಾಂಕ್ ಮೇಲಿನ ಜಿಗುಟು ಅದೇನಾ? ಸೀಮೆಣ್ಣೆ ಬಟ್ಟೆಲಿ ಒರೆಸಿ ಒರೆಸಿ ಸಾಕಾಯ್ತು.

ಸುಧಾ: 😂

ಸತೀಶ ಚಿಕ್ಕಪ್ಪ: ನಗಿ ನಗಿ. ಆ ಎಣ್ಣೆ ಇಲ್ದಿದ್ರೆ ಇಷ್ಟೊತ್ತಿಗೆ ಗುಜರಿಗೆ ಹೋಗಿರ್ತಿತ್ತು.

ಪ್ರತಿಭಾ: ತಾತ ತಲೆಗೂ ಅದೇ ಎಣ್ಣೆ ಹಚ್ತಿದ್ರಲ್ವಾ?

ವಿನಯ: ಫೋಟೋ ಹಾಕಿದ್ದೀನಿ ನೋಡಿ. ಇಷ್ಟೇ ಜಾಗ. ತಗ್ಗಾಗಿದೆ ಬೇರೆ, ಏನೋ ಗುದ್ದಿದ ಹಾಗಿದೆ.

ಶಾರದಾ ದೊಡ್ಡಮ್ಮ: ಅದು ನಮ್ಮ ಹಳೇ ಮನೆ ಗೇಟು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಸತೀಶ ಅಪ್ಪಂಗೆ ಹೇಳದೆ ತಗೊಂಡು ಹೋಗಿ ಗುದ್ದಿದ್ದ. ಆಮೇಲೆ ಅದರ ಮೇಲೆ ಕುಂಕುಮ ಮೆತ್ತಿ ನಿಲ್ಸಿದ್ದ. ಅಪ್ಪ ಆಯುಧಪೂಜೆ ಇನ್ನೂ ದೂರ ಇದ್ಯಲ್ಲ ಅಂತ ಕೇಳಿದ್ರು.

(ಆರು ಜನರಿಂದ ನಗುವಿನ ಗುರುತು. ಸತೀಶ ಚಿಕ್ಕಪ್ಪ ‘ಟೈಪ್ ಮಾಡುತ್ತಿದ್ದಾರೆ’ ಅಂತ ಬಹಳ ಹೊತ್ತು ತೋರಿಸ್ತಿತ್ತು.)

ಸತೀಶ ಚಿಕ್ಕಪ್ಪ: ವಿನಯ, ಆ ಜಾಗಕ್ಕೆ ಮಾತ್ರ ಪೇಂಟ್ ಹೊಡೆಸಪ್ಪ. ಚೆನ್ನಾಗಿ ಮುಚ್ಚೋ ಹಾಗೆ. ದುಡ್ಡು ನಾನು ಹಾಕ್ತೀನಿ.