ಬರ್ನ್ಸ್ ಸಪ್ಪರ್ ಅನ್ನೋ ಊಟಕ್ಕೆ ಕರೆದಿದ್ದಾರೆ. ಸೀರೆ ಉಡಬಹುದಾ? ಯಜಮಾನರು ಕಿಲ್ಟ್ ಹಾಕಲೇಬೇಕಾ?

ಮಲ್ಲೇಶ್ವರದವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ಆಫೀಸಿನಲ್ಲಿ ಸ್ಕಾಟ್ಲೆಂಡಿನವರೊಬ್ಬರು ಇದ್ದಾರೆ. ಜನವರಿ 25ರ ರಾತ್ರಿ ವೈಟ್‌ಫೀಲ್ಡಿನ ಅವರ ಮನೆಯಲ್ಲಿ ಬರ್ನ್ಸ್ ಸಪ್ಪರ್. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನದ ಊಟ ಅಂತ ಹೇಳಿದರು. ಮಾರನೇ ದಿನ ರಜೆ, ಹಾಗಾಗಿ ಒಪ್ಪಿಕೊಂಡೆವು. ತಮ್ಮದೇ ಒಂದು ಕಿಲ್ಟನ್ನು, ಅಂದರೆ ಅಲ್ಲಿನ ಗಂಡಸರು ಉಡುವ ನೆರಿಗೆ ಲಂಗವನ್ನು, ಯಜಮಾನರಿಗೆ ಕೊಡುತ್ತೇನೆ ಅಂದಿದ್ದಾರೆ. ಇವರಿಗೆ ಸಂಕೋಚ. ನಾನು ಅಮ್ಮನ ಮೈಸೂರು ರೇಷ್ಮೆ ಉಡೋಣ ಅಂತಿದ್ದೇನೆ, ಸರಿಹೋಗುತ್ತದಾ? ನಾವಿಬ್ಬರೂ ಮಾಂಸ ತಿನ್ನುವುದಿಲ್ಲ. ಇನ್ನೊಂದು ವಿಷಯ. ಗಂಡಸರೊಬ್ಬರು ಎದ್ದು ಹೆಂಗಸರ ಬಗ್ಗೆ ಮಾತಾಡುತ್ತಾರಂತೆ, ಅದಕ್ಕೆ ಹೆಂಗಸರ ಪರವಾಗಿ ನಾನು ಉತ್ತರ ಕೊಡಬೇಕಂತೆ. ಏನು ಹೇಳಲಿ?

ಹನುಮಂತನಗರ:
ಅಕ್ಕ, ಸೀರೆ ಖಂಡಿತ ಉಡಿ. ನಾನು ಗ್ಲಾಸ್ಗೋದಲ್ಲಿ ಆರು ವರ್ಷ ಇದ್ದೆ, ಐದು ಸಲ ಈ ಊಟಕ್ಕೆ ಹೋಗಿದ್ದೇನೆ. ಅಲ್ಲಿನ ಹೆಂಗಸರು ಉದ್ದನೆಯ ಗೌನು ಹಾಕಿ, ಭುಜದ ಮೇಲೆ ಟಾರ್ಟನ್ ಅನ್ನೋ ಚೌಕಳಿ ಬಟ್ಟೆಯ ಪಟ್ಟಿ ಇಳಿಬಿಟ್ಟು, ಬ್ರೋಚು ಚುಚ್ಚಿಕೊಳ್ಳುತ್ತಾರೆ. ನಮಗೆ ಸೆರಗೇ ಇದೆಯಲ್ಲ, ಅದಕ್ಕೊಂದು ಬ್ರೋಚು ಸಾಕು. ಮೇಲೆ ಟಾರ್ಟನ್ ಶಾಲು ಹೊದೆಯಲೇಬೇಕು ಅಂತೇನೂ ಇಲ್ಲ.

ಯಜಮಾನರಿಗೆ ಹೇಳಿ, ಕಿಲ್ಟ್ ವೇಷ ಅಲ್ಲ. ಮದುವೆಗೆ ನಾವು ಜರಿ ಪಂಚೆ ಉಡುವ ಹಾಗೆ ಅವರು ಅದನ್ನು ಉಡುತ್ತಾರೆ. ತಮ್ಮದನ್ನೇ ಕೊಡುತ್ತೇನೆ ಅಂದರೆ ಅದು ಪ್ರೀತಿ. ಬೇಡ ಅನ್ನಬೇಡಿ. ಪೂರ್ತಿ ಕಿಲ್ಟಿಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಹಿಡಿಯುತ್ತದೆ. ನಮ್ಮಜ್ಜಿ ಉಡುತ್ತಿದ್ದ ಸೀರೆ 9 ಗಜ. ಹಾಗಾಗಿ ಮೊದಲ ಸಲ ಕೈಗೆ ತಗೊಂಡಾಗ ಆ ಭಾರ ನನಗೆ ಹೊಸದು ಅನ್ನಿಸಲಿಲ್ಲ. ನೆರಿಗೆ ಮಾತ್ರ ಹಿಂದಕ್ಕೆ ಬರಬೇಕು, ಮುಂದೆ ಚಪ್ಪಟೆಯಾಗಿರಬೇಕು. ಪ್ಯಾಂಟು ಕಟ್ಟುವ ಜಾಗಕ್ಕಿಂತ ಮೇಲೆ, ಹೊಕ್ಕುಳಿನ ಹತ್ತಿರ ಕಟ್ಟಬೇಕು. ಕೆಳಗಿನ ಅಂಚು ಮಂಡಿಚಿಪ್ಪಿನ ನಡುವಿಗೆ ಬಂದರೆ ಸರಿ.

ಕಿಲ್ಟಿಗೆ ಚುಚ್ಚುವ ಪಿನ್ನಿನ ಬಗ್ಗೆ ಹುಷಾರು. ಅದನ್ನು ಬಲಗಡೆ ಕೆಳಮೂಲೆಯಲ್ಲಿ, ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ನಾನು ಮೊದಲ ವರ್ಷ ಎರಡೂ ಪದರ ಸೇರಿಸಿ ಚುಚ್ಚಿಬಿಟ್ಟೆ. ಕುರ್ಚಿಯ ಮೇಲೆ ಕೂತ ತಕ್ಷಣ ಬಟ್ಟೆ ಎಳೆದು ಹರಿಯಿತು. ಬೇರೆಯವರ ಕಿಲ್ಟ್ ಅದು, ತುಂಬಾ ಬೇಜಾರಾಯಿತು. ಬಲಗಾಲಿನ ಸಾಕ್ಸಿನಲ್ಲಿ ಸಿಕ್ಕಿಸುವ ಪುಟ್ಟ ಚಾಕು, ಸ್ಕೀನ್ ಡೂ ಅಂತಾರೆ, ಅದನ್ನು ಅವರ ಮನೆಗೆ ಹೋದ ಮೇಲೇ ಇಸ್ಕೊಳ್ಳಿ. ಸಂಪಿಗೆ ರಸ್ತೆಯಿಂದ ಮೆಟ್ರೋ ಹತ್ತುವುದಾದರೆ ತಪಾಸಣೆಯಲ್ಲಿ ಚಾಕು ಬಿಡುವುದಿಲ್ಲ.

ಊಟದ ವಿಷಯ ಇವತ್ತೇ ಫೋನ್ ಮಾಡಿ ಹೇಳಿಬಿಡಿ. ಆ ರಾತ್ರಿಯ ಮುಖ್ಯ ತಿನಿಸು ಹ್ಯಾಗಿಸ್, ಅಂದರೆ ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶಕ್ಕೆ ಓಟ್ಸ್, ಈರುಳ್ಳಿ, ಕೊಬ್ಬು, ಮೆಣಸು ಸೇರಿಸಿ ಕುರಿಯ ಹೊಟ್ಟೆಯ ಚೀಲದಲ್ಲಿ ಬೇಯಿಸಿದ್ದು. ಬೋಟಿ ತಿನ್ನುವವರಿಗೆ ಹೊಸದೇನಲ್ಲ. ತಿನ್ನದವರಿಗೂ ದಾರಿ ಇದೆ. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಅವರು 1984ರಲ್ಲೇ ಸಸ್ಯಾಹಾರಿ ಹ್ಯಾಗಿಸ್ ತಂದರು. ಇಲ್ಲಿ ರಾಜ್ಮಾ, ಮಸೂರ್ ಬೇಳೆ, ಕ್ಯಾರೆಟ್, ಓಟ್ಸ್ ನುಚ್ಚು ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಆಯಿತು. ನುಚ್ಚಿನುಂಡೆ ಮಾಡುವ ಕೈಗೆ ಇದು ಕಷ್ಟವಲ್ಲ, ನೀವೇ ಮಾಡಿಕೊಂಡು ಹೋಗಬಹುದು. ಸೂಪು ಮಾತ್ರ ಕೇಳಿಯೇ ಕುಡಿಯಿರಿ, ಎಷ್ಟೋ ಸಲ ಕೋಳಿಯದ್ದು ಮಾಡುತ್ತಾರೆ. ಕೊನೆಗೆ ಬರುವ ಕ್ರಾನಾಕನ್ ಅನ್ನೋ ಸಿಹಿಯಲ್ಲಿ ವಿಸ್ಕಿ ಇರುತ್ತದೆ.

ಊಟಕ್ಕೆ ಮುಂಚೆ ಒಂದು ನಾಲ್ಕು ಸಾಲಿನ ಪ್ರಾರ್ಥನೆ ಹೇಳುತ್ತಾರೆ. ಕೆಲವರಿಗೆ ಊಟ ಇದೆ, ತಿನ್ನಲಾಗದು. ಕೆಲವರು ತಿನ್ನಬಲ್ಲರು, ಊಟವೇ ಇಲ್ಲ. ನಮಗೆ ಎರಡೂ ಇದೆ, ದೇವರಿಗೆ ವಂದನೆ. ಇಷ್ಟೇ ಅದರ ಅರ್ಥ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ನಮ್ಮಲ್ಲಿ ಹೇಳುತ್ತಾರಲ್ವಾ? ಆ ಪ್ರಾರ್ಥನೆ ಮೊದಲು ಕೇಳಿದಾಗ ನನಗೆ ನಮ್ಮೂರ ಪಂಕ್ತಿಯಲ್ಲೇ ಕೂತ ಹಾಗಾಯಿತು.

ಆಮೇಲೆ ಹ್ಯಾಗಿಸ್ ಎದುರು ನಿಂತು ಬರ್ನ್ಸ್ ಅದರ ಮೇಲೆಯೇ ಬರೆದ ಪದ್ಯ ಓದುತ್ತಾರೆ, ಎಂಟು ನುಡಿ. ನಮ್ಮ ಪಕ್ಕದ ಮನೆಯ ಮುದುಕರು ಪುಸ್ತಕ ಹಿಡಿಯುತ್ತಿರಲಿಲ್ಲ. ಗಮಕಿಗಳು ದನಿ ಏರಿಸಿ ಇಳಿಸುವ ಹಾಗೆ ಬಾಯಲ್ಲೇ ಹೇಳುತ್ತಿದ್ದರು. ಮೂರನೇ ನುಡಿಗೆ ಚಾಕುವನ್ನು ಬಟ್ಟೆಯಲ್ಲಿ ಎರಡು ಸಲ ಒರೆಸಿ, ಒಮ್ಮೆಗೇ ಇಳಿಸುವರು. ಬಿಗಿದ ಚರ್ಮ ಬಿರಿಯುತ್ತಿತ್ತು. ಬಿಸಿ ಹಬೆ ಅವರ ಕನ್ನಡಕಕ್ಕೆ ಅಡರುತ್ತಿತ್ತು. ಮೆಣಸಿನ ವಾಸನೆ ಮೇಜಿನ ಕೊನೆಯವರೆಗೂ ಬರುತ್ತಿತ್ತು. ಕನ್ನಡಕ ಒರೆಸದೆಯೇ ಮುಂದಿನ ನುಡಿ ಹೇಳುತ್ತಿದ್ದರು. ಆ ಹೊತ್ತಿಗೆ ಫೋನ್ ಒಳಗಿಡಿ, ಅಕ್ಕ.

ಹಲಸೂರು ಪೈಪರ್:
ನಾನು ಸೈನ್ಯದ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದುತ್ತಿದ್ದವನು. ಹ್ಯಾಗಿಸ್ ತರುವಾಗ ಪೈಪರ್ ಮುಂದೆ ಬರುತ್ತಾನೆ. ಆಗ ಎಲ್ಲರೂ ಎದ್ದು ನಿಂತು ತಾಳಕ್ಕೆ ಚಪ್ಪಾಳೆ ಹಾಕಬೇಕು. ಬಾಗಿಲ ಪಕ್ಕದ ಕುರ್ಚಿ ಬೇಡ, ಈ ವಾದ್ಯದ ಸದ್ದು ಕಡಿಮೆ ಮಾಡಲು ಬರುವುದಿಲ್ಲ. ನಾಗಸ್ವರಕ್ಕೆ ಒತ್ತು ಇರುವ ಹಾಗೆ ಇದಕ್ಕೆ ಮೂರು ಶ್ರುತಿ ಕೊಳವೆಗಳಿವೆ, ಬಿಡದೆ ನುಡಿಯುತ್ತವೆ. ಕೊನೆಗೆ ‘ಆಲ್ಡ್ ಲ್ಯಾಂಗ್ ಸೈನ್’ ಅನ್ನೋ ಹಳೆಯ ಗೆಳೆತನದ ಹಾಡು ಹಾಡುವಾಗ ಮೊದಲಿಂದಲೇ ಎದೆಯ ಮುಂದೆ ಕೈ ಅಡ್ಡಡ್ಡ ಹಿಡಿಯಬೇಡಿ ಮೇಡಂ. ಮೊದಲು ಸುಮ್ನೆ ಅಕ್ಕಪಕ್ಕದವರ ಕೈ ಹಿಡಿದಿರಿ. ಕೈ ಕೊಡು ಗೆಳೆಯಾ ಅನ್ನುವ ಕೊನೆಯ ನುಡಿಗೆ ಮಾತ್ರ ಅಡ್ಡ ಹಿಡಿಯಬೇಕು.

ಮಲ್ಲೇಶ್ವರದವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವರು ಕಿಲ್ಟಿಗೆ ಒಪ್ಪಿದರು. ಆದರೆ ನನ್ನ ಭಾಷಣ? ಮತ್ತೆ ಕಿಲ್ಟಿನ ಜೊತೆ ಹಾಕುವ ಬೂಟಿನ ದಾರ ಒಂದೊಂದೂ ಮೊಳಗಟ್ಟಲೆ ಇದೆ, ಹೇಗೆ ಕಟ್ಟುವುದು?

ಹನುಮಂತನಗರ:
ಭಾಷಣಕ್ಕೆ ಬರ್ನ್ಸ್ ಹೆಂಡತಿ ಜೀನ್ ಆರ್ಮರ್ ಬಗ್ಗೆ ಹೇಳಿ. ಆ ರಾತ್ರಿ ಎಲ್ಲರೂ ಅವನನ್ನೇ ಹೊಗಳುತ್ತಾರೆ, ಈಕೆಯ ಹೆಸರು ಬರುವುದು ಕಡಿಮೆ. ನನಗೆ ಅದು ಸರಿ ಕಾಣುವುದಿಲ್ಲ. ಅವನಿಂದ ಈಕೆಗೆ ಒಂಬತ್ತು ಮಕ್ಕಳು. ಬೇರೆ ಹೆಂಗಸಿನಲ್ಲಿ ಅವನಿಗೆ ಹುಟ್ಟಿದ ಹೆಣ್ಣುಮಗುವನ್ನೂ ತನ್ನ ಮಕ್ಕಳ ಜೊತೆಗೇ ಸಾಕಿದಳು. 1796ರ ಜುಲೈ 21ಕ್ಕೆ ಅವನು ತೀರಿಕೊಂಡ, ಬರೀ 37 ವರ್ಷ. 25ರಂದು ಡಂಫ್ರೀಸ್ ಊರು ಅವನನ್ನು ಮಣ್ಣು ಮಾಡಲು ಹೊರಟಾಗ ಜೀನ್ ಹೆರಿಗೆ ನೋವಿನಲ್ಲಿದ್ದಳು. ಅವತ್ತೇ ಕೊನೆಯ ಮಗ ಹುಟ್ಟಿದ. ಐದು ವರ್ಷ ಕಳೆದು, 1801ರಲ್ಲಿ, ಒಂಬತ್ತು ಜನ ಸ್ನೇಹಿತರು ಅವನು ಹುಟ್ಟಿದ ಆಲೋವೇ ಊರಿನ ಮನೆಯಲ್ಲಿ ಸೇರಿ ಊಟ ಮಾಡಿದರು. ಈ ಪದ್ಧತಿ ಶುರುವಾಗಿದ್ದು ಹಾಗೆ. ಐದು ನಿಮಿಷಕ್ಕೆ ಇಷ್ಟು ಸಾಕು. ಕೊನೆಗೆ ಲೋಟ ಎತ್ತಿ ಜೀನ್ ಹೆಸರು ಹೇಳಿ. ಲೋಟದಲ್ಲಿ ನೀರಿದ್ದರೂ ನಡೆಯುತ್ತದೆ.

ದಾರಕ್ಕೆ ಬರೋಣ. ಆ ಬೂಟಿಗೆ ನಾಲಿಗೆ ಇರುವುದಿಲ್ಲ, ಗಾಬರಿ ಬೇಡ. ಮೊದಲು ಬಿಗಿಯಾಗಿ ಎಳೆದು, ಎರಡೂ ದಾರವನ್ನು ಒಂದಕ್ಕೊಂದು ನಾಲ್ಕೈದು ಸಲ ಹೊಸೆಯಿರಿ, ಬತ್ತಿ ಹೊಸೆಯುವ ಹಾಗೆ. ಆ ಹುರಿ ಪಾದದ ಮೇಲೆ ನೆಟ್ಟಗೆ ನಿಲ್ಲಬೇಕು. ಆಮೇಲೆ ದಾರಗಳನ್ನು ಹಿಂದಕ್ಕೆ ಒಯ್ದು, ಹರಡಿನ ಮೇಲೆ ಒಂದು ಸುತ್ತು ತಂದು, ಮುಂದೆ ಗಂಟು ಹಾಕಿ. ಜಾಸ್ತಿ ಬಿಗಿಯಬಾರದು, ಕಾಲು ಜೋಮು ಹಿಡಿಯುತ್ತದೆ. ಹಿಂದಿನ ದಿನ ಮನೆಯಲ್ಲಿ ಒಮ್ಮೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಇಳಿದು ನೋಡಲಿ.