ಅಪ್‌ಡೇಟ್: ದಾವಣಗೆರೆಯ ಮೆಕ್ಕೆಜೋಳ ಪಣಂಬೂರಿಗೋ, ಚೆನ್ನೈಗೋ?

ದಾವಣಗೆರೆಯಿಂದ ಮೆಕ್ಕೆಜೋಳದ ಕಂಟೇನರುಗಳನ್ನು ಲಾರಿಯಲ್ಲೇ ಪಣಂಬೂರಿನ ನವಮಂಗಳೂರು ಬಂದರಿಗೆ ಒಯ್ಯುವುದೋ, ಇಲ್ಲವೇ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೊದಿಂದ ರೈಲಿನಲ್ಲಿ ಚೆನ್ನೈಗೆ ಕಳುಹಿಸುವುದೋ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ಮಳೆಗಾಲದಲ್ಲಿ ಚೆನ್ನೈ, ಉಳಿದಂತೆ ಪಣಂಬೂರು ಎಂದು ತೀರ್ಮಾನಿಸಿದ್ದೇವೆ.

ನಕ್ಷೆಯಲ್ಲಿ ಪಣಂಬೂರು ಹತ್ತಿರವೇ. ಆದರೆ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿಷೇಧವಿರುವುದರಿಂದ ನಮ್ಮ ಲಾರಿಗಳು ಹಾಸನದ ಕಡೆಯಿಂದ ಸುತ್ತಿಕೊಂಡು ಶಿರಾಡಿ ಇಳಿಯಬೇಕಾಗುತ್ತದೆ. ಅಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಹಡಗಿಗೆ ಸರಕು ಒಪ್ಪಿಸುವ ಗಡುವು ಕೈತಪ್ಪಿದಂತೆಯೇ. 57 ಸುರಂಗಗಳ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗಕ್ಕೂ ಮಳೆಗಾಲದಲ್ಲಿ ಇದೇ ಕಾಟ.

ದಾವಣಗೆರೆಯಲ್ಲೇ ರೈಲಿಗೆ ಏಕೆ ತುಂಬಬಾರದು ಎಂದು ಕೆಲವರು ಕೇಳಿದ್ದರು. ಇಡೀ ರೇಕ್, ಅಂದರೆ ಒಂದು ಪೂರ್ತಿ ಗೂಡ್ಸ್ ರೈಲು, ತುಂಬಲು 2,000 ಟನ್‌ಗೂ ಮೀರಿದ ಸರಕು ಬೇಕು. ಅಷ್ಟನ್ನು ಒಮ್ಮೆಗೇ ಒಟ್ಟುಮಾಡುವ ಶಕ್ತಿ ನಮ್ಮಂಥ ಸಣ್ಣ ವರ್ತಕರಿಗಿಲ್ಲ. ನಿಜವಾದ ಖರ್ಚು ಇರುವುದು ಖಾಲಿ ಪೆಟ್ಟಿಗೆಯಲ್ಲಿ: ನಮ್ಮೂರಿಗೆ ಆಮದು ಕಡಿಮೆಯಾದ್ದರಿಂದ ಖಾಲಿ ಕಂಟೇನರನ್ನು ಬಂದರಿನಿಂದಲೋ ವೈಟ್‌ಫೀಲ್ಡಿನಿಂದಲೋ ತರಿಸಲೇಬೇಕು, ಆ ಬಾಡಿಗೆಯೂ ನಮ್ಮ ತಲೆಗೇ ಬರುತ್ತದೆ.

ತುಂಬುವ ಕೆಲಸ ಗೋದಾಮಿನಲ್ಲೇ ನಡೆಯುತ್ತದೆ. ಕಂಟೇನರಿನ ಒಳಗೋಡೆಗೆ ಕ್ರಾಫ್ಟ್ ಕಾಗದ (ದಪ್ಪನೆಯ ಕಂದು ಕಾಗದ) ಹೊದಿಸಿ, ತೇವಾಂಶ ಹೀರುವ ಚೀಲಗಳನ್ನು ತೂಗುಹಾಕಿ, ಕಾಳಿನ ತೇವಾಂಶ ಶೇ. 14ನ್ನು ಮೀರದಂತೆ ನೋಡಿಕೊಂಡ ಮೇಲೆಯೇ ಬಾಗಿಲಿಗೆ ಇ-ಸೀಲ್ (ಎಲೆಕ್ಟ್ರಾನಿಕ್ ಮುದ್ರೆ) ಹಾಕುತ್ತೇವೆ. ಇಷ್ಟು ಮಾಡದಿದ್ದರೆ ಸಮುದ್ರದ ಮೇಲೆ ರಾತ್ರಿಯ ತಂಪಿಗೆ ಪೆಟ್ಟಿಗೆಯ ಛಾವಣಿ ಬೆವರಿ ಮೇಲಿನ ಸಾಲಿನ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. 2016ರ ಜುಲೈಯಿಂದ ಕಡ್ಡಾಯವಾಗಿರುವ, ತುಂಬಿದ ಕಂಟೇನರಿನ ತೂಕದ ದೃಢೀಕರಣ ಪತ್ರವನ್ನು ಲಾರಿ ಹೊರಡುವ ಮೊದಲೇ ಮಾಡಿಸಿಕೊಳ್ಳುತ್ತಿದ್ದೇವೆ.